ಅಪ್ಪಯ್ಯನ ಲುಂಗಿ

ಮುಂಬೈಯ ಪರೇಲಿನ ನಮ್ಮ ಚಾಳಿನ ಕೋಣೆಯಲ್ಲಿ ಬಾಗಿಲ ಹಿಂದೆ ಒಂದು ಮೊಳೆ ಇತ್ತು. ಅಪ್ಪಯ್ಯ ರಾತ್ರಿ ಹೋಟೆಲಿನಿಂದ ಬಂದವರೇ ಪ್ಯಾಂಟು ಬಿಚ್ಚಿ ಅದಕ್ಕೆ ನೇತು ಹಾಕಿ, ನೀಲಿ ಚೌಕುಳಿಯ ಲುಂಗಿ ಉಟ್ಟು ಕೂರುತ್ತಿದ್ದರು. ಆದರೆ ಗ್ಯಾಲರಿಯ ತುದಿಯಲ್ಲಿದ್ದ ಸಂಡಾಸಿಗೆ ಹೋಗಬೇಕಾದರೂ ಲುಂಗಿ ಬಿಚ್ಚಿ ಮತ್ತೆ ಪ್ಯಾಂಟು ಏರಿಸಿಕೊಂಡೇ ಹೋಗುವುದು. ಮಧ್ಯರಾತ್ರಿ ಎರಡು ಗಂಟೆಗೂ ಅದೇ. ಅಮ್ಮ ನಿದ್ದೆಗಣ್ಣಲ್ಲೇ ಗೊಣಗುತ್ತಿದ್ದಳು, "ಸಂಡಾಸಿಗೆ ಹೋಪುಕೆ ಇನ್ನೊಂದ್ ಕೋಟು ಬಾಕಿ!"

ಸಣ್ಣವಳಿದ್ದಾಗ ನಾನು ಅದನ್ನು ಅಪ್ಪಯ್ಯನ ಸ್ಟೈಲ್ ಅಂದುಕೊಂಡಿದ್ದೆ. ಚಾಳಿನ ಬೇರೆ ಗಂಡಸರು ಪಟ್ಟೆ ಪೈಜಾಮದಲ್ಲೋ ಚಡ್ಡಿಯಲ್ಲೋ ನಲ್ಲಿಯ ಹತ್ತಿರ ನಿಂತಿರುತ್ತಿದ್ದರು. ನನ್ನಪ್ಪ ಮಾತ್ರ ಪ್ಯಾಂಟಿನಲ್ಲಿ ಬಕೆಟ್ ಹಿಡಿದು ನಿಲ್ಲುತ್ತಿದ್ದರು, ಆಫೀಸರ್ ಥರ.

ನನಗೆ ಹತ್ತು ಹನ್ನೊಂದು ವರ್ಷವಾದಾಗ ಪಾಲಿಕೆಯ ಕನ್ನಡ ಶಾಲೆಯಿಂದ ಬರುವ ದಾರಿಯಲ್ಲಿ ಒಬ್ಬ ಹುಡುಗ ಹಿಂದಿನಿಂದ "ಯಂಡುಗುಂಡು, ಯಂಡುಗುಂಡು" ಅಂತ ಕೂಗಿದ. ಹಾಗಂದರೇನು ಅಂತ ಮನೆಯಲ್ಲಿ ಕೇಳಿದೆ. ಅಪ್ಪಯ್ಯ ನಕ್ಕುಬಿಟ್ಟರು. "ಅದ್ ನಮ್ ಭಾಷೆಯೇ ಮಗಾ. ಅವ್ರ ಕೆಮಿಗೆ ನಮ್ ಮಾತು ಹಾಂಗೆ." ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಲುಂಗಿಯ ಕಥೆ ಹೇಳಿದರು.

ಶಿವಸೇನೆಗೂ ನನಗೂ ಒಂದೇ ವಯಸ್ಸು. ಅದು ಹುಟ್ಟಿದ್ದು 1966ರ ಜೂನ್ 19ಕ್ಕೆ, ನಾನು ಅದೇ ಮಳೆಗಾಲ ಮುಗಿಯುವ ಹೊತ್ತಿಗೆ. ಅದನ್ನು ಕಟ್ಟಿದ ಬಾಳ ಠಾಕ್ರೆ ಮೊದಲು ಫ್ರೀ ಪ್ರೆಸ್ ಜರ್ನಲ್‌ನಲ್ಲಿ ವ್ಯಂಗ್ಯಚಿತ್ರಕಾರ. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಕೂಡ ಸ್ವಲ್ಪ ಕಾಲ ಅಲ್ಲೇ ಇದ್ದರು. ಅಲ್ಲಿಂದ ಹೊರಬಂದು 1960ರಲ್ಲಿ ಠಾಕ್ರೆ 'ಮಾರ್ಮಿಕ್' ಅನ್ನುವ ಮರಾಠಿ ವಾರಪತ್ರಿಕೆ ಶುರು ಮಾಡಿದರು. ಅದರಲ್ಲಿ ಮುಂಬೈನ ಕಂಪನಿಗಳ ಅಧಿಕಾರಿಗಳ ಪಟ್ಟಿ ಬರುತ್ತಿತ್ತು. ಬರೀ ಹೆಸರುಗಳು, ಹೆಚ್ಚಿನವು ದಕ್ಷಿಣದವು. ಮೇಲೆ ಒಂದು ತಲೆಬರಹ: "ವಾಚಾ ಆಣಿ ಥಂಡ ಬಸಾ". ಓದಿ, ತಣ್ಣಗೆ ಕೂತಿರಿ ಅಂತ. ಆಮೇಲೆ ಅದು "ವಾಚಾ ಆಣಿ ಉಠಾ" ಆಯಿತು. ಓದಿ, ಎದ್ದೇಳಿ.

ಆ ಪಟ್ಟಿ ಸುಳ್ಳಾಗಿರಬೇಕಾಗಿಯೇ ಇರಲಿಲ್ಲ, ಅದೇ ಅದರ ಜಾಣತನ. ಫೋರ್ಟ್ ಅನ್ನುವ ಕೋಟೆ ಭಾಗದ ಆಫೀಸುಗಳಲ್ಲಿ ಟೈಪಿಸ್ಟು, ಸ್ಟೆನೋ, ಅಕೌಂಟೆಂಟು ಅಂತ ಮದರಾಸಿನಿಂದ, ಕೇರಳದಿಂದ ಬಂದವರು ಇದ್ದದ್ದು ನಿಜ. ಇಂಗ್ಲಿಷು ಚೆನ್ನಾಗಿತ್ತು, ಟೈಪಿಂಗ್ ಕಲಿತು ಬಂದಿದ್ದರು. ಮೆಟ್ರಿಕ್ ಮುಗಿಸಿ ಕೂತ ಮರಾಠಿ ಹುಡುಗನಿಗೆ ಕೆಲಸ ಸಿಗದೆ ಹೊಟ್ಟೆ ಉರಿಯುತ್ತಿದ್ದದ್ದೂ ನಿಜ. 1961ರ ಜನಗಣತಿ ಪ್ರಕಾರ ಮುಂಬೈನಲ್ಲಿ ಮರಾಠಿ ಮಾತಾಡುವವರು ನೂರಕ್ಕೆ ಸುಮಾರು 43 ಜನ. ರಾಜ್ಯದ ರಾಜಧಾನಿಯಲ್ಲೇ ಅರ್ಧಕ್ಕಿಂತ ಕಡಿಮೆ. ದಕ್ಷಿಣದ ನಾಲ್ಕೂ ಭಾಷೆಯವರನ್ನು ಒಟ್ಟು ಸೇರಿಸಿದರೂ ನೂರಕ್ಕೆ ಹತ್ತು ದಾಟುತ್ತಿರಲಿಲ್ಲ. ಬಟ್ಟೆ ಗಿರಣಿ, ಸಗಟು ವ್ಯಾಪಾರ, ಹಣ ಎಲ್ಲ ಹೆಚ್ಚಾಗಿ ಗುಜರಾತಿ, ಮಾರವಾಡಿ, ಪಾರ್ಸಿಗಳ ಕೈಯಲ್ಲಿತ್ತು. ಆದರೂ ಘೋಷಣೆ ಕಟ್ಟಿದ್ದು ಲುಂಗಿಯ ಮೇಲೆ.

"ಬಜಾವ್ ಪುಂಗಿ, ಹಟಾವ್ ಲುಂಗಿ."

ಈ ನಾಲ್ಕು ಪದಗಳನ್ನು ನಾನು ಎಷ್ಟು ಸಲ ಬಾಯಲ್ಲಿ ಆಡಿಸಿ ನೋಡಿದ್ದೇನೋ. ಮೊದಲನೆಯದಾಗಿ, ಇದು ಮರಾಠಿಯೇ ಅಲ್ಲ! ಮರಾಠಿ ಅಭಿಮಾನದ ಘೋಷಣೆ ಅಪ್ಪಟ ಬಂಬೈಯಾ ಹಿಂದಿಯಲ್ಲಿತ್ತು. ಪ್ರಾಸ ಸಿಕ್ಕರೆ ಅಭಿಮಾನ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳುತ್ತದೆ, ಏನು ಮಾಡೋದು. ಪುಂಗಿ ಅಂದರೆ ಹಾವಾಡಿಗನ ಪುಂಗಿಯೇ. ನಮ್ಮಲ್ಲಿ "ಸುಮ್ನೆ ಪುಂಗಬೇಡ" ಅಂದರೆ ಬುರುಡೆ ಬಿಡಬೇಡ ಅಂತ ಅರ್ಥ. ಆ ಲೆಕ್ಕದಲ್ಲಿ ಘೋಷಣೆ ಅರ್ಧ ಸತ್ಯವನ್ನೇ ಹೇಳುತ್ತಿತ್ತು ಅನ್ನಿ.

ಇನ್ನು ಲುಂಗಿ. ಕೋಟೆಯ ಆಫೀಸಿನಲ್ಲಿ ಸ್ಟೆನೋ ಕೆಲಸ ಹಿಡಿದ ತಮಿಳರ ಹುಡುಗ ಲುಂಗಿ ಉಟ್ಟು ಆಫೀಸಿಗೆ ಹೋಗುತ್ತಿದ್ದನೇ? ಇಸ್ತ್ರಿ ಮಾಡಿದ ಪ್ಯಾಂಟು ಶರ್ಟು ಹಾಕಿ ಲೋಕಲ್ ಹತ್ತುತ್ತಿದ್ದ. ರೈಲಿನಲ್ಲಿ ಅವನನ್ನು ಗುರುತು ಹಿಡಿಯುವುದು ಕಷ್ಟ. ಲುಂಗಿಯಲ್ಲಿ ಬೀದಿಗೆ ಕಾಣುತ್ತಿದ್ದವರು ನಮ್ಮವರು, ಹೋಟೆಲಿನವರು. ಅಪ್ಪಯ್ಯ 1954ರಲ್ಲಿ ಹದಿನಾಲ್ಕು ವರ್ಷದವರಿದ್ದಾಗ ಕುಂದಾಪುರದ ಕಡೆಯಿಂದ ಬಂದು ಮೋರಿವಾಲಾ ಆಗಿ ಸೇರಿದ್ದರು. ಅಂದರೆ ಮೋರಿಯ ಹತ್ತಿರ ಕೂತು ಕಪ್ಪು ಬಸಿ ತೊಳೆಯುವವನು. ಆಮೇಲೆ ಟೇಬಲ್ ಒರೆಸುವುದು, ಆಮೇಲೆ ವೈಟರ್, ರಾತ್ರಿ ಕನ್ನಡ ಶಾಲೆ, ಹತ್ತು ವರ್ಷ ದಾಟಿದ ಮೇಲೆ ಗಲ್ಲೆ, ಅಂದರೆ ದುಡ್ಡಿನ ಕೌಂಟರ್. ಯಾವ ಮರಾಠಿ ಹುಡುಗನ ಕೆಲಸವನ್ನು ಕಿತ್ತುಕೊಂಡಿದ್ದರು ಅವರು? ಕಪ್ಪು ತೊಳೆಯೋಕೆ ಕ್ಯೂ ಏನಿರಲಿಲ್ಲ. ಸ್ಟೆನೋ ಮೇಲಿನ ಸಿಟ್ಟು ಬಂದು ಬಿದ್ದದ್ದು ಮೋರಿವಾಲಾನ ಮೇಲೆ, ಯಾಕೆಂದರೆ ಕಣ್ಣಿಗೆ ಕಾಣುತ್ತಿದ್ದವನು ಅವನು. ತಮಿಳು, ಮಲಯಾಳ, ತುಳು, ಕನ್ನಡ ಎಲ್ಲವನ್ನೂ ಕಲೆಸಿ ಒಂದೇ ಇಡ್ಲಿ ತಟ್ಟೆಗೆ ಹೊಯ್ದರೆ ಹೊರಗೆ ಬರುವುದೆಲ್ಲ ಒಂದೇ ಆಕಾರ.

ಮತ್ತೆ ಅದು ತಮಾಷೆಯಾಗಿತ್ತು, ಅದು ಬಹಳ ಮುಖ್ಯ. ವ್ಯಂಗ್ಯಚಿತ್ರ ಬರೆಯುವ ಕೈಗೆ ಮನುಷ್ಯನನ್ನು ಎರಡು ಗೆರೆಯಲ್ಲಿ ಮುಗಿಸುವುದು ಗೊತ್ತು. ಶಿವಾಜಿ ಪಾರ್ಕಿನಲ್ಲಿ 1966ರ ಅಕ್ಟೋಬರ್ 30ಕ್ಕೆ ಸೇನೆಯ ಮೊದಲ ದೊಡ್ಡ ಸಭೆ. ಅಂಥ ಸಭೆಗಳಿಗೆ ನಮ್ಮ ಗಿರಾಕಿಗಳೇ ಹೋಗಿ ಬರುತ್ತಿದ್ದರಂತೆ. ಬಂದು ಚಹಾ ಕುಡಿಯುತ್ತಾ ನಗುತ್ತಾ ಅಪ್ಪಯ್ಯನಿಗೇ ಭಾಷಣದ ಜೋಕು ಹೇಳುತ್ತಿದ್ದರಂತೆ. ಅಪ್ಪಯ್ಯನೂ ನಗಬೇಕು. ಗಲ್ಲೆಯಲ್ಲಿ ಕೂತವನು ನಗದಿದ್ದರೆ ಹೇಗೆ? ಅಂಕಿ ಅಂಶ ಹೇಳಿದರೆ ಯಾರಾದರೂ ಎದುರು ವಾದ ಮಾಡಬಹುದು. ಜೋಕಿಗೆ ಎದುರು ವಾದ ಮಾಡಿದವನೇ ಪೆದ್ದನಾಗುತ್ತಾನೆ. ನಕ್ಕ ಮೇಲಂತೂ ಅರ್ಧ ಒಪ್ಪಿದ ಹಾಗೇ, ಅಲ್ವಾ?

ಎಲ್ಲ ಸಲವೂ ಅದು ಓಟಾಯಿತು ಅಂತಲ್ಲ. 1967ರಲ್ಲಿ ಈಶಾನ್ಯ ಮುಂಬೈಯಲ್ಲಿ ಕೇರಳದ ಕೃಷ್ಣ ಮೆನನ್ ವಿರುದ್ಧ ಸೇನೆ ಪ್ರಚಾರ ಮಾಡಿತು, ಮೆನನ್ ಸೋತರು. ಅದೇ ಚುನಾವಣೆಯಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ದಕ್ಷಿಣ ಮುಂಬೈಯಲ್ಲಿ ಎಸ್.ಕೆ. ಪಾಟೀಲರಂಥ ಮರಾಠಿ ದಿಗ್ಗಜನನ್ನು ಮಲಗಿಸಿದರು. ಟ್ಯಾಕ್ಸಿಯವರು, ಪಾಲಿಕೆ ಕೆಲಸಗಾರರು, ಹೋಟೆಲ್ ಹುಡುಗರು ಎಲ್ಲ ಅವರ ಹಿಂದೆ ಇದ್ದರು. ಅಪ್ಪಯ್ಯ ಈ ವಿಷಯ ಹೇಳುವಾಗಲೆಲ್ಲ ಎದೆ ಒಂದಿಂಚು ಮುಂದೆ ಬರುತ್ತಿತ್ತು, ತಾವೇ ಗೆದ್ದ ಹಾಗೆ. ಆದರೆ 1968ರ ಪಾಲಿಕೆ ಚುನಾವಣೆಯಲ್ಲಿ ಸೇನೆ 40ಕ್ಕೂ ಹೆಚ್ಚು ಸೀಟು ತೆಗೆದುಕೊಂಡಿತು. ಪಕ್ಷಕ್ಕೆ ಇನ್ನೂ ಎರಡು ವರ್ಷ. ಪುಂಗಿ ಕೆಲಸ ಮಾಡುತ್ತದೆ ಅಂತ ಎಲ್ಲರಿಗೂ ಗೊತ್ತಾಯಿತು.

1969ರ ಫೆಬ್ರವರಿ. ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಅಂತ ಗಲಾಟೆ. ಉಪಪ್ರಧಾನಿ ಮೊರಾರ್ಜಿ ದೇಸಾಯಿ ಕಾರು ನಿಲ್ಲಿಸಲಿಲ್ಲ ಅನ್ನುವುದರಿಂದ ಶುರುವಾಗಿ ನಾಲ್ಕೈದು ದಿನ ಮುಂಬೈ ಉರಿಯಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಉಡುಪಿ ಹೋಟೆಲುಗಳಿಗೆ ಕಲ್ಲು ಬಿತ್ತು. ನನ್ನಪ್ಪ ಬೆಳಗಾವಿಯನ್ನು ನೋಡಿದ್ದು ಬಸ್ಸಿನ ಕಿಟಕಿಯಿಂದ ಮಾತ್ರ. ಅದು ಯಾರಿಗೆ ಸೇರಬೇಕು ಅಂತ ಅವರನ್ನು ಯಾರೂ ಕೇಳಿರಲಿಲ್ಲ.

ಆ ರಾತ್ರಿ ಹೋಟೆಲಿನ ಶಟರ್ ಎಳೆದು ಒಳಗೆ ಹದಿನಾಲ್ಕು ಹುಡುಗರು ಕೂತಿದ್ದರು. ಎಲ್ಲರೂ ಲುಂಗಿಯಲ್ಲೇ, ಅಡುಗೆಮನೆಯ ಬೆಂಕಿಯ ಮುಂದೆ ಇನ್ನೇನು ಹಾಕುತ್ತಾರೆ. ಯಾರ ಗುಂಪೋ ಏನೋ, ಹೊರಗೆ ಗದ್ದಲ. ಶಟರಿಗೆ ಕಬ್ಬಿಣದ ಸರಳಿನ ಏಟು. ಮೇಲಿನ ಗಾಜಿನ ಬೋರ್ಡು ಒಡೆದು ಚೂರು ಶಟರಿನ ಅಡಿಯಿಂದ ಒಳಗೆ ಸಿಡಿಯಿತು. ಅಪ್ಪಯ್ಯ ಗಲ್ಲೆಯ ಹಿಂದೆ ಇಟ್ಟಿದ್ದ ತಮ್ಮ ಒಂದು ಪ್ಯಾಂಟು ತೆಗೆದು ಕತ್ತಲಲ್ಲೇ ಹಾಕಿಕೊಂಡರು. ಒಬ್ಬ ಹುಡುಗ ಕೇಳಿದನಂತೆ, "ಅಣ್ಣಾ, ನಂಗೆ?" ಇದ್ದದ್ದು ಒಂದೇ ಪ್ಯಾಂಟು. ಈ ಭಾಗ ಹೇಳುವಾಗ ಅಪ್ಪಯ್ಯ ಪ್ರತಿ ಸಲವೂ ಕಿಟಕಿಯ ಕಡೆ ತಿರುಗುತ್ತಿದ್ದರು. ಶಟರ್ ಮುರಿಯಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಆದರೂ ತಿರುಗುತ್ತಿದ್ದರು.

ಎರಡು ದಿನ ಬಿಟ್ಟು ಗಿರಣಿಯ ಭೋಂಗಾ ಕೂಗಿದಾಗ, ದಿನಾ ಮೊದಲ ಪಾಳಿಗೆ ಹೋಗುವಾಗ ಬರುತ್ತಿದ್ದ ಒಬ್ಬ ಗಿರಾಕಿ ಅರ್ಧ ತೆರೆದ ಶಟರಿನಡಿ ತಲೆ ತೂರಿಸಿ ಕೇಳಿದನಂತೆ, "ಚಹಾ ಮಿಳೇಲ ಕಾ?" ಹಿಂದಿನ ರಾತ್ರಿಗಳಲ್ಲಿ ಅವನು ಎಲ್ಲಿದ್ದ ಅಂತ ಅಪ್ಪಯ್ಯ ಕೇಳಲಿಲ್ಲ. ಚಹಾ ಕೊಟ್ಟರು. ಅವನು ಗಾಜಿನ ಚೂರನ್ನು ಚಪ್ಪಲಿಯಲ್ಲಿ ಪಕ್ಕಕ್ಕೆ ಸರಿಸಿ ನಿಂತು ಕುಡಿದು, ಹದಿನೈದು ಪೈಸೆ ಇಟ್ಟು ಹೋದ. "ಇಡ್ಲಿ ಬೇಕಂಬ್ರು, ಚಹಾ ಬೇಕಂಬ್ರು, ಲುಂಗಿ ಬ್ಯಾಡಂಬ್ರು" ಅಂತ ಅಪ್ಪಯ್ಯ ಹೇಳುತ್ತಿದ್ದದ್ದು ಅಲ್ಲಿಂದ ಬಂದದ್ದು. ಸಂಡಾಸಿಗೂ ಪ್ಯಾಂಟು ಹಾಕುವ ಅಭ್ಯಾಸವೂ ಅಲ್ಲಿಂದಲೇ. ಹೊಸ ಬೋರ್ಡು ಮರಾಠಿಯಲ್ಲಿ ಬರೆಸಿದರು, ಗಲ್ಲೆಯ ಮೇಲೆ ಶಿವಾಜಿ ಮಹಾರಾಜರ ಫೋಟೋ ಬಂತು. ದಿನಾ ಹೂ ಹಾಕುತ್ತಾ ಹಾಕುತ್ತಾ ನಿಜವಾಗಿಯೂ ಭಕ್ತಿ ಬಂತು ಅಂತ ಹೇಳುತ್ತಿದ್ದರು, ಅದೂ ಸುಳ್ಳಲ್ಲ.

ಉಡುಪಿ ಹೋಟೆಲಿಗೆ ಪೈಪೋಟಿಯಾಗಿ ಮರಾಠಿ ಹುಡುಗರು ವಡಾ ಪಾವ್ ಗಾಡಿ ಹಾಕಲಿ ಅಂತ ಸೇನೆ ಹುರಿದುಂಬಿಸಿತು. ಹೋಟೆಲಿನ ಎದುರಿಗೇ ಒಂದು ಗಾಡಿ ಬಂತು. ಅಪ್ಪಯ್ಯ ದಿನಾ ಸಂಜೆ ಹೋಗಿ ಒಂದು ತಿಂದು ಬರುತ್ತಿದ್ದರು. ಚಟ್ನಿ ಪುಡಿ ಚೆನ್ನಾಗಿತ್ತಂತೆ.

ಕೊನೆಗೆ ನಮ್ಮ ಹೋಟೆಲನ್ನು ಮುಳುಗಿಸಿದ್ದು ಪುಂಗಿಯೂ ಅಲ್ಲ, ವಡಾ ಪಾವೂ ಅಲ್ಲ. 1982ರ ಜನವರಿಯಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಗಿರಣಿ ಮುಷ್ಕರ ಶುರುವಾಯಿತು. ಎರಡೂವರೆ ಲಕ್ಷದಷ್ಟು ಕೆಲಸಗಾರರು. ಬಹಳಷ್ಟು ಗಿರಣಿಗಳು ಮತ್ತೆ ಸರಿಯಾಗಿ ತೆರೆಯಲೇ ಇಲ್ಲ. ಬೆಳಗಿನ ಭೋಂಗಾ ನಿಂತಿತು, ಜೊತೆಗೆ ಮೊದಲ ಪಾಳಿಯ ಚಹಾವೂ. ಪರೇಲ್, ಲಾಲ್‌ಬಾಗಿನ ಮರಾಠಿ ಮನೆಗಳು ಖಾಲಿಯಾದವು. ಆ ಕೆಲಸಗಳನ್ನು ಯಾವ ಲುಂಗಿಯೂ ಕದ್ದಿರಲಿಲ್ಲ. ಗಿರಣಿಯ ಜಾಗದಲ್ಲಿ ಆಮೇಲೆ ಮಾಲ್‌ಗಳು, ಟವರ್‌ಗಳು ಎದ್ದವು. ಅದಕ್ಕೆ ಪ್ರಾಸ ಯಾರೂ ಕಟ್ಟಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಅಪ್ಪಯ್ಯ ಕಥೆಯ ಒಳ್ಳೆಯವರಾಗಿ ಉಳಿಯುತ್ತಾರೆ. ಆದರೆ 2008 ಇದೆಯಲ್ಲ.

ಆಗ ಅವರು ರಿಟೈರಾಗಿ ಠಾಣೆಯಲ್ಲಿ ನನ್ನ ತಮ್ಮನ ಮನೆಯಲ್ಲಿದ್ದರು. ರಜೆಗೆ ಅಂತ ನಾನು ಬೆಂಗಳೂರಿನಿಂದ ಹೋಗಿದ್ದೆ. ಟಿವಿಯಲ್ಲಿ ಬಾಳ ಠಾಕ್ರೆಯ ತಮ್ಮನ ಮಗ ರಾಜ್ ಠಾಕ್ರೆ. ಛಟ್ ಪೂಜೆ ಅನ್ನುವುದು ನಾಟಕ ಅಂತ ಹೇಳಿದ್ದರು, ಯುಪಿ-ಬಿಹಾರದ ಟ್ಯಾಕ್ಸಿಯವರಿಗೆ, ಗಾಡಿಯವರಿಗೆ ಹೊಡೆತ ಬೀಳುತ್ತಿತ್ತು. ಅಪ್ಪಯ್ಯ ತೊಡೆ ತಟ್ಟಿದರು. "ಸಮ ಹೇಳ್ತಾ ಇದ್ದಾನೆ. ಈ ಭಯ್ಯಾಗಳದ್ದು ಜಾಸ್ತಿ ಆಯ್ತ್. ಒಬ್ಬ ಬಂದ್ರೆ ಹಿಂದೆ ಹತ್ ಜನ ಬತ್ರ್."

ನಾನು ಕೇಳಿದೆ, "ಅಪ್ಪಯ್ಯ, ನೀವು ಊರಿಂದ ಎಷ್ಟು ಜನರನ್ನ ಕರ್ಕೊಂಡು ಬಂದಿದ್ರಿ?"

ಅವರು ಬೆರಳು ಮಡಚಿ ಎಣಿಸಲು ಶುರು ಮಾಡಿ ಹನ್ನೊಂದರಲ್ಲಿ ನಿಲ್ಲಿಸಿದರು. "ಅದ್ ಬೇರೆ," ಅಂದರು.

ಅದು ಹೇಗೆ ಬೇರೆ ಅಂತ ನಾನು ಒತ್ತಾಯಿಸಲಿಲ್ಲ. ನಲವತ್ತು ವರ್ಷ ಬಾಗಿಲ ಹೊರಗೆ ನಿಂತವನಿಗೆ, ಇನ್ನೊಬ್ಬನನ್ನು ತೋರಿಸಿ "ಹೊರಗಿನವನು ಅವನು" ಅಂತ ಯಾರಾದರೂ ಹೇಳಿಬಿಟ್ಟರೆ ಎಷ್ಟು ಹಾಯೆನಿಸುತ್ತದೆ ಅಂತ ಆವತ್ತು ಅವರ ಮುಖ ನೋಡಿ ಗೊತ್ತಾಯಿತು. ಮರುವರ್ಷ ವಿಧಾನಸಭೆಯಲ್ಲಿ ರಾಜ್ ಠಾಕ್ರೆಯ ಹೊಸ ಪಕ್ಷಕ್ಕೆ 13 ಸೀಟು ಬಂತು. ಅಪ್ಪಯ್ಯ ಯಾರಿಗೆ ಹಾಕಿದರು ಅಂತ ಹೇಳಲಿಲ್ಲ. ನನಗೆ ಅನುಮಾನ ಇದೆ.

2019ರಲ್ಲಿ ಬಾಳ ಠಾಕ್ರೆಯ ಮೊಮ್ಮಗ ಆದಿತ್ಯ ವರ್ಲಿಯಿಂದ ನಿಂತಾಗ, ದಕ್ಷಿಣದವರ ಓಟಿಗೆ ಅಂತ ಬಿಳಿ ಪಂಚೆ ಉಟ್ಟ ಫೋಟೋ ಎಲ್ಲರ ಮೊಬೈಲಿಗೂ ಬಂತು. "ತಾತ ಹಟಾವ್ ಲುಂಗಿ, ಮೊಮ್ಮಗ ಪೆಹನೋ ಲುಂಗಿ" ಅಂತೆಲ್ಲ ಜೋಕು. ವಿಡಿಯೋ ಕಾಲ್ ಮಾಡಿ ಅಪ್ಪಯ್ಯನಿಗೆ ಹೇಳಿದೆ. ನನ್ನ ತಮ್ಮ ಆ ಫೋಟೋ ತೋರಿಸಿದ. ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಖುಷಿಯಾಗುತ್ತದೋ, ಕಣ್ಣೀರು ಬರುತ್ತದೋ ಅಂತ ನಾನು ಕಾಯುತ್ತಿದ್ದೆ. "ಇದ್ ಪಂಚಿ ಮಗಾ. ಲುಂಗಿ ಅಲ್ಲ," ಅಂತ ಮೊಬೈಲ್ ವಾಪಸ್ ಕೊಟ್ಟರು. ಹೌದು. ಪಂಚೆ ಮದುವೆಗೆ, ದೇವಸ್ಥಾನಕ್ಕೆ. ಲುಂಗಿ ಕೆಲಸಕ್ಕೆ, ಸೆಖೆಗೆ. ಅರವತ್ತರ ದಶಕದಲ್ಲೂ ಈ ವ್ಯತ್ಯಾಸ ಯಾರೂ ಕೇಳಿರಲಿಲ್ಲ, 2019ರಲ್ಲೂ ಕೇಳಲಿಲ್ಲ.

2021ರಲ್ಲಿ ಅಪ್ಪಯ್ಯ ಹೋದರು. 2025ರ ಜುಲೈ ಅವರು ನೋಡಲಿಲ್ಲ, ಒಳ್ಳೆಯದೇ ಆಯಿತು. ಮುಂಬೈನ ಶಾಸಕರ ಹಾಸ್ಟೆಲಿನಲ್ಲಿ ಬೇಳೆ ಹಳಸಿತ್ತು ಅಂತ ಬುಲ್ಢಾಣಾದ ಶಾಸಕ ಸಂಜಯ್ ಗಾಯಕವಾಡ್ ಕ್ಯಾಂಟೀನ್ ಕೆಲಸಗಾರನಿಗೆ ಹೊಡೆದ ವಿಡಿಯೋ ನೀವೂ ನೋಡಿರುತ್ತೀರಿ. ಮೇಲೆ ಬನಿಯನ್, ಸೊಂಟಕ್ಕೆ ಸುತ್ತಿದ ಟವೆಲು! ನನಗೆ ಆ ಹೊಡೆತಕ್ಕಿಂತ ಆ ಟವೆಲೇ ಕಣ್ಣಿಗೆ ಬಿತ್ತು. ಆಮೇಲೆ ಅವರು ಕೊಟ್ಟ ಸಮರ್ಥನೆ ಏನು? ಗುತ್ತಿಗೆಯನ್ನು ಶೆಟ್ಟಿಗೆ ಯಾಕೆ ಕೊಟ್ಟಿರಿ, ಈ ದಕ್ಷಿಣದವರು ಡಾನ್ಸ್ ಬಾರ್, ಲೇಡೀಸ್ ಬಾರ್ ನಡೆಸಿ ಮಹಾರಾಷ್ಟ್ರದ ಸಂಸ್ಕೃತಿ ಹಾಳು ಮಾಡಿದವರು ಅಂತ. ಬೇಳೆ ಹಳಸಿದ್ದರೆ ಬೇಳೆಯ ಬಗ್ಗೆ ಮಾತಾಡಬೇಕು. ಎರಡೇ ವಾಕ್ಯದಲ್ಲಿ ಅದು ಶೆಟ್ಟಿಯಾಯಿತು, ಶೆಟ್ಟಿ ಬಾರಾಯಿತು, ಬಾರು ಸಂಸ್ಕೃತಿಯಾಯಿತು.

ನಾವೂ ಶೆಟ್ಟರೇ. ಡಾನ್ಸ್ ಬಾರ್ ನಡೆಸಿದವರಲ್ಲಿ ನಮ್ಮವರು ಬಹಳ ಜನ ಇದ್ದರು ಅನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ನೆಂಟರಲ್ಲೇ ಒಬ್ಬರಿದ್ದರು, ಮದುವೆಗಳಲ್ಲಿ ಅವರ ಕವರ್ ಎಲ್ಲರದ್ದಕ್ಕಿಂತ ದಪ್ಪ ಇರುತ್ತಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ಇಂಥ ಮಾತು ನಿಲ್ಲುವುದೇ ಹೀಗೆ. ಒಳಗೆ ಒಂದು ಚಿಟಿಕೆ ನಿಜ ಇರುತ್ತದೆ, ಹೆಪ್ಪಿಗೆ ಹಾಕುವ ಮಜ್ಜಿಗೆಯಷ್ಟು. ಉಳಿದ ಹಾಲು ತಾನೇ ಹೆಪ್ಪಾಗುತ್ತದೆ.

ಬೇರೆಯವರದ್ದನ್ನು ಬರೆದು ನಮ್ಮದನ್ನು ಬಿಟ್ಟರೆ ಸರಿಯಲ್ಲ. 2024ರ ಮಾರ್ಚ್ 1ಕ್ಕೆ ಇಲ್ಲಿ ಬೆಂಗಳೂರಿನಲ್ಲಿ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿಯಿತು. ಲೋಕಸಭೆ ಚುನಾವಣೆ ಎದುರಿಗಿತ್ತು. ಎರಡು ಮೂರು ವಾರದಲ್ಲಿ ಕೇಂದ್ರ ಸಚಿವೆ ಶೋಭಾ ಕರಂದ್ಲಾಜೆ, ತಮಿಳುನಾಡಿನಿಂದ ಬರುವವರು ಅಲ್ಲಿ ತರಬೇತಿ ಪಡೆದು ಇಲ್ಲಿ ಬಾಂಬ್ ಇಡುತ್ತಾರೆ ಅನ್ನುವ ಅರ್ಥದಲ್ಲಿ ಮಾತಾಡಿದರು. ಕೇರಳದವರ ಬಗ್ಗೆಯೂ ಒಂದು ಮಾತು ಸೇರಿತ್ತು. ಗಲಾಟೆಯಾದ ಮೇಲೆ ತಮಿಳರ ಕ್ಷಮೆ ಕೇಳಿದರು. ಆ ಮಾತಿನ ಕ್ಲಿಪ್ಪು ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೂ ಬಂತು. ಯಾರೋ ಹಾಕಿದ್ದರು, ನಾನು ಅಡುಗೆ ಮಾಡುತ್ತಾ ಅರ್ಧ ಕೇಳಿ ಒಂದು ಹೆಬ್ಬೆರಳು ಒತ್ತಿಬಿಟ್ಟೆ. ಬಾಂಬ್ ಇಟ್ಟವರಿಗೆ ಬೈದದ್ದು ಅಂದುಕೊಂಡೆ ಅಂತ ಆಮೇಲೆ ನನಗೆ ನಾನೇ ಹೇಳಿಕೊಂಡೆ. ಪೂರ್ತಿ ನಿಜವಲ್ಲ. ಕೇಳಿಸಿತ್ತು.

ಮೂರನೇ ಮಹಡಿಯ ತಮಿಳರ ಅಕ್ಕ ಪ್ರತಿ ಗಣೇಶ ಚೌತಿಗೆ ನನಗೆ ಕೊಳುಕಟ್ಟೈ ಕೊಡುವವರು. ಮರುದಿನ ಲಿಫ್ಟಿನಲ್ಲಿ ಸಿಕ್ಕರು. "ಊಟ ಆಯ್ತಾ?" ಅಂದರು. ಎಂದಿನ ಹಾಗೆ ನಕ್ಕರು. ಗಲ್ಲೆಯಲ್ಲಿ ಕೂತ ಅಪ್ಪಯ್ಯನ ನಗು ಅದು, ನನಗೆ ಗುರುತು ಸಿಕ್ಕಿತು. ಮೂರನೇ ಮಹಡಿ ಬರುವವರೆಗೆ ಇಬ್ಬರೂ ನಂಬರುಗಳನ್ನು ನೋಡುತ್ತಾ ನಿಂತಿದ್ದೆವು. ಮೇಲೆ ಬಂದು ಆ ಹೆಬ್ಬೆರಳು ತೆಗೆದೆ. ಅಷ್ಟೊತ್ತಿಗೆ ಇನ್ನೂ ಒಂಬತ್ತು ಹೆಬ್ಬೆರಳು ಬಿದ್ದಿದ್ದವು.

2026ರ ಜನವರಿಯಲ್ಲಿ ಮುಂಬೈ ಪಾಲಿಕೆ ಚುನಾವಣೆ ಇತ್ತು. ಬಿಜೆಪಿ ಪರ ಪ್ರಚಾರಕ್ಕೆ ತಮಿಳುನಾಡಿನ ಅಣ್ಣಾಮಲೈ ಹೋಗಿದ್ದರು, ಒಂದು ಕಾಲದಲ್ಲಿ ನಮ್ಮ ಉಡುಪಿಯಲ್ಲೇ ಎಸ್ಪಿ ಆಗಿದ್ದವರು. ಮುಂಬೈ ಅಂತಾರಾಷ್ಟ್ರೀಯ ನಗರ ಅಂತ ಏನೋ ಅಂದರು. ರಾಜ್ ಠಾಕ್ರೆ ಸಭೆಯಲ್ಲಿ ಅವರನ್ನು "ರಸಮಲೈ" ಅಂತ ಕರೆದು, ಹಳೇ ಘೋಷಣೆಯನ್ನೇ ಹೊರಗೆ ತೆಗೆದರು. ಹಟಾವ್ ಲುಂಗಿ, ಬಜಾವ್ ಪುಂಗಿ. ಜನ ನಕ್ಕರು. ಅದೇ ನಗು, ಈಗ ಹೈ ಡೆಫಿನಿಷನ್ನಿನಲ್ಲಿ.

ಆ ರಾತ್ರಿ ಠಾಣೆಗೆ ಫೋನ್ ಮಾಡಿದೆ. ತಮ್ಮನಿಗೆ ಈಗ ಐವತ್ತೈದು. ಬರ್ಮುಡಾ ಹಾಕಿಕೊಂಡು ಹಾಲಿಗೆ ಹೋಗುತ್ತಾನೆ, ನನಗಿಂತ ಅವನ ಮರಾಠಿಯೇ ಚೆಂದ.

"ಭಾಷಣ ಕೇಳಿದ್ಯಾ?" ಅಂದೆ.

"ಕೇಳ್ದೆ."

"ಮನೇಲಿ ಲುಂಗಿ ಇದ್ಯೇನೋ?"

ಸ್ವಲ್ಪ ಯೋಚಿಸಿದ. "ಅಪ್ಪಯ್ಯಂದು ಒಂದಿತ್ತಲ್ಲ, ನೀಲಿ ಚೌಕುಳಿದು. ಇಸ್ತ್ರಿ ಮಾಡುವಾಗ ಟೇಬಲ್ ಮೇಲೆ ಹಾಸ್ತೇವೆ. ಮಧ್ಯದಲ್ಲಿ ಸುಟ್ಟು ತೂತಾಗಿದೆ. ಯಾಕೆ, ನಿಂಗೆ ಬೇಕಾ?"